ಹಳೆಯ ಗಾಡಿಯ ಸೋರುವ ಟ್ಯಾಂಕು

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಸಂಜೆ ಮನೆಗೆ ಮರಳಿದವರು ತಮ್ಮ ಮೋಟಾರ್ ಸೈಕಲ್ಲನ್ನು ಬೀದಿಯಲ್ಲಿ ಬಿಡುವುದು ಕಡಿಮೆ. ಹೊಸ್ತಿಲಿಗೆ ಒಂದು ಹಲಗೆ ಕೊಟ್ಟು, ಗಾಡಿಯನ್ನು ಪಡಸಾಲೆಗೆ ಏರಿಸಿ, ಗೋಡೆಯ ಬದಿಗೆ ನಿಲ್ಲಿಸುತ್ತಾರೆ. ಹಿಂದೆ ಎತ್ತುಗಳಿಗೆ ಸಲ್ಲುತ್ತಿದ್ದ ಮರ್ಯಾದೆ ಈಗ ಅದಕ್ಕೆ ಸಲ್ಲುತ್ತಿದೆ, ತಪ್ಪೇನಲ್ಲ. ಆದರೆ ಅದೇ ಪಡಸಾಲೆಯಲ್ಲಿ ಮಕ್ಕಳು ಓದುತ್ತಾರೆ, ಹಿರಿಯರು ಚಾಪೆ ಹಾಸಿ ಮಲಗುತ್ತಾರೆ, ಗೋಡೆಯ ಆಚೆ ಒಲೆ ಉರಿಯುತ್ತಿರುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಗಾಡಿಯ ಕೆಳಗೆ ರೂಪಾಯಿಯಗಲದ ಒಂದು ಕಲೆ. ಮೂಗಿಗೆ ಪೆಟ್ರೋಲಿನ ವಾಸನೆ. 'ಟಾಕಿ ಸ್ವಲ್ಪ ಸೋರತದ' ಎಂದು ಹೇಳಿ ಮನೆಯ ಯಜಮಾನ ಒಂದು ಹಳೆಯ ಬಟ್ಟೆಯನ್ನು ಸುತ್ತಿ ಕೆಲಸಕ್ಕೆ ಹೊರಡುತ್ತಾನೆ. ಆ 'ಸ್ವಲ್ಪ' ಎಂಬ ಮಾತು ಎಷ್ಟು ದೊಡ್ಡದು, ಹಾಗೂ ಸೋರುವ ಟ್ಯಾಂಕನ್ನು ಸರಿಪಡಿಸುವ ಬಗೆ ಯಾವುದು ಎಂಬುದನ್ನು ತಿಳಿಸುವುದು ಇಂದಿನ ನನ್ನ ಉದ್ದೇಶ.

ಹಳೆಯ ಗಾಡಿಗಳನ್ನು ಇಟ್ಟುಕೊಂಡವರು ಈಗ ಎಷ್ಟು ಮಂದಿ ಎಂದು ಪಟ್ಟಣದವರು ಕೇಳಬಹುದು. ಕಲಬುರಗಿಯಿಂದ ಆಳಂದಕ್ಕೂ ಜೇವರ್ಗಿಗೂ ಸುಮಾರು 40 ಕಿಲೋಮೀಟರ್. ಅಫಜಲಪುರ ಅದಕ್ಕಿಂತ ದೂರ. ಭೀಮಾ ದಂಡೆಯ ಕಪ್ಪುನೆಲದಲ್ಲಿ ಊರಿಂದ ಊರಿಗೆ ಹೋಗಬೇಕಾದ ರೈತನಿಗೆ, ಶಿಕ್ಷಕನಿಗೆ, ಸಣ್ಣ ವ್ಯಾಪಾರಿಗೆ ಗಾಡಿ ಎಂಬುದು ವಿಲಾಸವಲ್ಲ. ತಂದೆ ಕೊಂಡ ಗಾಡಿಯನ್ನು ಮಗ ಓಡಿಸುವುದು ಅಪರೂಪವೂ ಅಲ್ಲ. ಇಂಥ ಗಾಡಿಗಳ ಪೈಕಿ ಕನ್ನಡ ನಾಡಿನದೇ ಎಂದು ಹೇಳಿಕೊಳ್ಳಬಹುದಾದದ್ದು ಒಂದುಂಟು. 1960ರಲ್ಲಿ ರುಸ್ತುಂ ಇರಾನಿ ಮತ್ತು ಫರೋಖ್ ಇರಾನಿ ಅವರು ಮೈಸೂರಿನಲ್ಲಿ ಐಡಿಯಲ್ ಜಾವಾ ಎಂಬ ಕಾರ್ಖಾನೆಯನ್ನು ಸ್ಥಾಪಿಸಿದರು. ಆಗಿನ ಜೆಕೊಸ್ಲೊವಾಕಿಯದ ಪರವಾನಗಿಯ ಮೇಲೆ ಅಲ್ಲಿ ಜಾವಾ ಗಾಡಿಗಳು ತಯಾರಾದವು. 1973ರ ಸುಮಾರಿಗೆ ಯೆಜ್ಡಿ ಎಂಬ ಹೆಸರು ಬಂದಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆ ಎರಡು ಹೆಸರುಗಳೂ 2018ರ ತರುವಾಯ ಹೊಸ ಗಾಡಿಗಳ ಮೇಲೆ ಮತ್ತೆ ಕಾಣಿಸಿಕೊಂಡಿವೆಯಾದರೂ, ಮೈಸೂರಿನಿಂದ ಹೊರಟ ಕೊನೆಯ ಗಾಡಿಗೂ ಈಗ ಕಾಲು ಶತಮಾನ ದಾಟಿದೆ. ಎಂಜಿನ್ನನ್ನು ಬಿಚ್ಚಿ ಕಟ್ಟಬಹುದು, ಚಕ್ರವನ್ನು ಬದಲಿಸಬಹುದು. ಟ್ಯಾಂಕು ಮಾತ್ರ ಆಗಿನದೇ. ಅದಕ್ಕೂ ವಯಸ್ಸಾಗಿದೆ.

ನನ್ನದೂ ಅಂಥದೊಂದು ಯೆಜ್ಡಿ. ಒಮ್ಮೆ ಅಫಜಲಪುರದ ಹಾದಿಯಲ್ಲಿ ತೊಡೆಗೆ ತಂಪು ತಾಗಿದಂತಾಗಿ ನೋಡಿದರೆ ಪ್ಯಾಂಟು ಪೆಟ್ರೋಲಿನಿಂದ ಒದ್ದೆಯಾಗಿತ್ತು. ಚಹದಂಗಡಿಯ ಹುಡುಗನೊಬ್ಬ ಬಟ್ಟೆ ಒಗೆಯುವ ಸಾಬೂನಿನ ತುಂಡು ತಂದು, ಟ್ಯಾಂಕಿನ ತಳಕ್ಕೆ ಒತ್ತಿ ತಿಕ್ಕಿದ. ಸೋರುವುದು ನಿಂತಿತು. ಆ ಸಾಬೂನಿನ ಭರವಸೆಯ ಮೇಲೆ ನಾನು ಒಂದು ತಿಂಗಳು ಓಡಾಡಿದೆ. ಕೊನೆಗೆ ಟ್ಯಾಂಕನ್ನು ಬಿಚ್ಚಿ, ಪೆಟ್ರೋಲನ್ನೆಲ್ಲ ಬಸಿದು, ಆಳಂದದ ಒಬ್ಬ ವೃದ್ಧ ಮಿಸ್ತ್ರಿಯ ಬಳಿಗೆ ಒಯ್ದೆ. ನಾವೆಲ್ಲ ಅವರನ್ನು ಚಾಚಾ ಎಂದೇ ಕರೆಯುವುದು.

"ಚಾಚಾ, ಟಾಕಿ ಖಾಲಿ ಮಾಡೇ ತಂದೀನಿ. ಈಗೇ ಒಂದು ಬೆಸುಗಿ ಹಾಕಿ ಕೊಡ್ರಿ," ಎಂದೆ.

ಅವರು ಟ್ಯಾಂಕಿನ ಬಾಯಿಗೆ ಮೂಗು ಒಡ್ಡಿ, ಅದನ್ನು ದೂರ ಬೇವಿನ ಗಿಡದ ಕೆಳಗೆ ಇಟ್ಟು ಬಂದರು. "ಖಾಲಿ ಅದ ಅಂತನೇ ಅಂಜಿಕಿ ಬರತದ ಸರ. ತುಂಬಿದ ಟಾಕಿ ಒಂದ ಸಲ ಮಾಫ್ ಮಾಡ್ತದ. ಖಾಲಿ ಟಾಕಿ ಮಾಡಂಗಿಲ್ಲ," ಎಂದು ಹೇಳಿ, ಬಲಗೈಯ ಅಂಗಿತೋಳನ್ನು ಮೇಲೆ ಸರಿಸಿದರು. ಮುಂಗೈಯಿಂದ ಮೊಣಕೈವರೆಗೆ ಚರ್ಮ ಸುಕ್ಕುಗಟ್ಟಿ ಹೊಳೆಯುತ್ತಿತ್ತು. ಕೆಲಸ ಕಲಿಯುವ ಕಾಲದಲ್ಲಿ ಖಾಲಿಯೆಂದು ನಂಬಿ ಕಾವು ತಾಗಿಸಿದ ಒಂದು ಟ್ಯಾಂಕು ಅವರಿಗೆ ಕೊಟ್ಟ ಗುರುತು ಅದು. ಆ ಮಾತಿನ ಒಳಗುಟ್ಟನ್ನು ನಾನು ಆಮೇಲೆ ಪುಸ್ತಕಗಳಲ್ಲಿ ಓದಿ ತಿಳಿದೆ. ಚಾಚಾ ಅದನ್ನು ಕೈಯಿಂದಲೇ ಓದಿದ್ದರು.

ಮೊದಲು ಟ್ಯಾಂಕು ಸೋರುವುದೇಕೆ ಎಂಬುದನ್ನು ನೋಡೋಣ. ಟ್ಯಾಂಕು ಸುಮಾರು ಒಂದು ಮಿಲಿಮೀಟರ್ ದಪ್ಪದ ಉಕ್ಕಿನ ತಗಡಿನಿಂದ ಆದದ್ದು. ತಗಡನ್ನು ಅಚ್ಚಿನಲ್ಲಿ ಒತ್ತಿ ಭಾಗಗಳನ್ನು ಮಾಡಿ, ಅಂಚಿಗೆ ಅಂಚು ಕೂಡಿಸಿ ಬೆಸೆದಿರುತ್ತಾರೆ. ಗಾಡಿಯ ಬೆನ್ನುಮೂಳೆಯಂತಿರುವ ಕಬ್ಬಿಣದ ಕೊಳವೆಯ ಮೇಲೆ ಟ್ಯಾಂಕು ಕುದುರೆಯ ಜೀನಿನಂತೆ ಕೂರುವುದರಿಂದ ಅದರ ತಳ ಸಮತಟ್ಟಾಗಿಲ್ಲ; ನಡುವೆ ಒಂದು ಕಣಿವೆ, ಎರಡೂ ಬದಿಗೆ ಇಳಿಬಿದ್ದ ಎರಡು ಚೀಲಗಳು. ಆ ಚೀಲಗಳ ತಳವೇ ಟ್ಯಾಂಕಿನ ಅತ್ಯಂತ ತಗ್ಗಿನ ಜಾಗ. ರೋಗ ಹುಟ್ಟುವುದು ಅಲ್ಲಿ.

ರೋಗದ ಕಾರಣ ನೀರು. ಮುಚ್ಚಳದ ಒಳಗಿನ ರಬ್ಬರು ಸವೆದರೆ ಮಳೆಯ ನೀರು, ಗಾಡಿ ತೊಳೆದ ನೀರು ಒಳಗಿಳಿಯುತ್ತದೆ. ಇದಲ್ಲದೆ ಟ್ಯಾಂಕು ಉಸಿರಾಡುತ್ತದೆ. ಪೆಟ್ರೋಲು ಇಳಿದಂತೆ ಗಾಳಿ ಒಳಬರಲೆಂದು ಮುಚ್ಚಳದಲ್ಲಿ ಸಣ್ಣ ರಂಧ್ರವಿರುತ್ತದಷ್ಟೆ. ಹಗಲಿನ ಕಾವಿಗೆ ಒಳಗಿನ ಗಾಳಿ ಹಿಗ್ಗಿ ಹೊರಹೋಗುತ್ತದೆ. ರಾತ್ರಿಯ ತಂಪಿಗೆ ಕುಗ್ಗಿ ಹೊರಗಿನ ತೇವದ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಜೋಳದ ಬೆಳೆಗೆ ಇಬ್ಬನಿ ಬೀಳುವ ರಾತ್ರಿಗಳಲ್ಲಿ ಆ ತೇವ ತಗಡಿನ ಒಳಮೈಯಲ್ಲೂ ಹನಿಗಟ್ಟುತ್ತದೆ. ಒಂದು ರಾತ್ರಿಯ ಪಾಲು ಲೆಕ್ಕಕ್ಕೆ ಬಾರದಷ್ಟು ಅಲ್ಪ. ಆದರೆ ಮೂವತ್ತು ವರ್ಷಗಳ ರಾತ್ರಿಗಳು ಎಷ್ಟೆಂದು ಎಣಿಸಿ ನೋಡಿ. ನೀರು ಪೆಟ್ರೋಲಿಗಿಂತ ಭಾರ. ಅದು ಪೆಟ್ರೋಲಿನ ಕೆಳಗೆ ಸರಿದು, ಆ ಚೀಲಗಳ ತಳದಲ್ಲಿ ಹೋಗಿ ಕೂರುತ್ತದೆ. ಪೆಟ್ರೋಲು ಮೇಲೆ ಮುಚ್ಚಿರುವಾಗ ಗಾಳಿಯಿಲ್ಲದೆ ತುಕ್ಕು ಹೇಗೆ ಹಿಡಿದೀತು ಎಂದು ಕೇಳಬಹುದು. ಪೆಟ್ರೋಲಿನಲ್ಲಿ ಆಮ್ಲಜನಕ ಚೆನ್ನಾಗಿಯೇ ಕರಗುತ್ತದೆ. ಅದರ ಮೂಲಕ ಕೆಳಗಿನ ನೀರಿಗೂ ತಲುಪುತ್ತದೆ. ಹೀಗೆ ನಮ್ಮ ಕಡೆಯವರು ಜಂಗು ಎನ್ನುವ ತುಕ್ಕು ಒಳಗಿನಿಂದ ಹೊರಕ್ಕೆ ತಗಡನ್ನು ತಿನ್ನುತ್ತ ಬರುತ್ತದೆ. ಹೊರಗೆ ಬಣ್ಣ ಹೊಳೆಯುತ್ತಿರುತ್ತದೆ. ಬಣ್ಣದ ಕೆಳಗೆ ಒಂದು ಸಣ್ಣ ಗುಳ್ಳೆ ಎದ್ದಾಗ ತಗಡಿನ ಆಯುಷ್ಯ ಬಹುತೇಕ ಮುಗಿದಿರುತ್ತದೆ.

ಈಚಿನ ವರ್ಷಗಳಲ್ಲಿ ಇದಕ್ಕೆ ಇನ್ನೊಂದು ಕಾರಣ ಸೇರಿದೆ. ಆಳಂದ ತಾಲ್ಲೂಕಿನ ಭೂಸನೂರು, ಅಫಜಲಪುರ ತಾಲ್ಲೂಕಿನ ಹಾವಳಗಾ ಮೊದಲಾದ ಕಡೆ ಸಕ್ಕರೆ ಕಾರ್ಖಾನೆಗಳಿರುವುದು ನಿಮಗೆ ಗೊತ್ತು. ಕಬ್ಬಿನಿಂದ ಸಕ್ಕರೆಯಷ್ಟೇ ಅಲ್ಲ, ಮದ್ಯಸಾರವೂ ಬರುತ್ತದೆ. ಎಥನಾಲ್ ಎಂದು ಕರೆಯುವ ಈ ಮದ್ಯಸಾರವನ್ನು ದೇಶದಲ್ಲೆಲ್ಲ ಪೆಟ್ರೋಲಿಗೆ ಬೆರೆಸುತ್ತಾರೆ. 2022ರ ಜೂನ್ ಹೊತ್ತಿಗೆ ಈ ಬೆರಕೆ ನೂರಕ್ಕೆ 10ರಷ್ಟಿತ್ತು. 2025ರಲ್ಲಿ 20ನ್ನು ಮುಟ್ಟಿತು. ರೈತನಿಗೆ ಅದರಿಂದ ಅನುಕೂಲವಿದೆ, ದೇಶದ ಆಮದಿನ ಹೊರೆಯೂ ಇಳಿಯುತ್ತದೆ. ಆದರೆ ಮದ್ಯಸಾರಕ್ಕೆ ನೀರಿನ ಮೇಲೆ ಬಲು ಮೋಹ. ಸ್ವಲ್ಪ ನೀರನ್ನು ಅದು ತನ್ನೊಳಗೆ ಅಡಗಿಸಿಕೊಂಡು ಪೆಟ್ರೋಲಿನೊಡನೆ ಎಂಜಿನ್ನಿಗೆ ಸಾಗಿಸಿಬಿಡುತ್ತದೆ; ಅಷ್ಟರಮಟ್ಟಿಗೆ ಉಪಕಾರವೇ. ನೀರು ಮಿತಿಮೀರಿದರೆ ಮಾತ್ರ ಮದ್ಯಸಾರ ಪೆಟ್ರೋಲಿನ ಸಂಗವನ್ನು ತೊರೆದು, ನೀರಿನ ಜೊತೆಗೂಡಿ ತಳಕ್ಕಿಳಿಯುತ್ತದೆ. ತಿಂಗಳುಗಟ್ಟಲೆ ನಿಂತೇ ಇರುವ ಗಾಡಿಯಲ್ಲಿ ಹೀಗಾಗುವ ಸಂಭವ ಹೆಚ್ಚು. ಮೇಲಾಗಿ ಆ ಕಾಲದ ರಬ್ಬರು, ಕಾರ್ಕು, ಒಳಮೈಗೆ ಬಳಿದ ಅಂಟು, ಇವು ಯಾವುವೂ ಮದ್ಯಸಾರವನ್ನು ಎಣಿಸಿ ಮಾಡಿದವಲ್ಲ. ಅವು ಮೆತ್ತಗಾಗುತ್ತವೆ, ಇಲ್ಲವೆ ಬಿರಿಯುತ್ತವೆ.

ಇನ್ನು ಪರೀಕ್ಷೆಯ ಮಾತು. ತೊಟ್ಟು ಬೀಳುವ ಜಾಗವೇ ತೂತಿನ ಜಾಗವೆಂದು ತಿಳಿಯಬಾರದು. ಪೆಟ್ರೋಲು ತಗಡಿನ ಮೈಹಿಡಿದು ಹರಿದು, ಎಲ್ಲಿ ತಗ್ಗಿದೆಯೋ ಅಲ್ಲಿ ತೊಟ್ಟಿಕ್ಕುತ್ತದೆ. ಅನೇಕ ಸಲ ಟ್ಯಾಂಕು ನಿರಪರಾಧಿ. ಪೆಟ್ರೋಲನ್ನು ತೆರೆದು ಮುಚ್ಚುವ ಕಾಕಿನ ವಾಷರು ಒಣಗಿರಬಹುದು. ರಬ್ಬರಿನ ನಳಿಗೆ ಬಿರಿದಿರಬಹುದು. ಮುಚ್ಚಳದಿಂದ ತುಳುಕಿದ್ದು ಬದಿಯಿಂದ ಇಳಿದಿರಬಹುದು. ಇವಕ್ಕೆಲ್ಲ ಕೆಲವೇ ರೂಪಾಯಿಗಳ ಖರ್ಚು. ಆದುದರಿಂದ ಗಾಡಿಯನ್ನು ಬಯಲಿನಲ್ಲಿ ನಿಲ್ಲಿಸಿ, ಎಂಜಿನ್ ತಣಿದ ಮೇಲೆ, ಟ್ಯಾಂಕಿನ ತಳವನ್ನು ಚೆನ್ನಾಗಿ ಒರೆಸಿ ಒಣಗಿಸಿ, ಸೀಮೆಸುಣ್ಣದ ಪುಡಿಯನ್ನು ತೆಳ್ಳಗೆ ಸವರಬೇಕು. ಸ್ವಲ್ಪ ಹೊತ್ತಿನಲ್ಲಿ ಬಿಳುಪಿನ ಮೇಲೆ ಒಂದು ಕಪ್ಪು ಚುಕ್ಕೆ ಮೂಡಿ ಹರಡುತ್ತದೆ. ಅದರ ಮೇಲ್ತುದಿಯೇ ತೂತು.

ಸಾಬೂನಿನ ಉಪಾಯಕ್ಕೂ ಒಂದು ಶಾಸ್ತ್ರವುಂಟು. ಮೇಣ, ಡಾಂಬರು, ಸೈಕಲ್ ಟ್ಯೂಬಿಗೆ ಹಚ್ಚುವ ರಬ್ಬರಿನ ಅಂಟು, ಇವೆಲ್ಲ ಪೆಟ್ರೋಲಿನ ಕುಲದವೇ; ಆದಕಾರಣ ಅದರಲ್ಲಿ ಕರಗಿಹೋಗುತ್ತವೆ ಅಥವಾ ಮೆತ್ತಗಾಗುತ್ತವೆ. ಸಾಬೂನು ನೀರಿನಲ್ಲಿ ಕರಗುತ್ತದೆಯೇ ಹೊರತು ಪೆಟ್ರೋಲಿನಲ್ಲಿ ಸುಲಭವಾಗಿ ಕರಗದು. ಹಾಗಾಗಿ ಸೂಜಿಮೊನೆಯಷ್ಟು ತೂತಿನಲ್ಲಿ ಅದು ಬೂಚಿನಂತೆ ನಿಲ್ಲುತ್ತದೆ. ಮಳೆ ಬಂದರೆ, ಇಲ್ಲವೆ ಎಂಜಿನ್ನಿನ ಕಾವಿಗೂ ಅದುರಿಗೂ, ಅದು ಸಡಿಲಿ ಬೀಳುತ್ತದೆ. ದಾರಿಯಲ್ಲಿ ಕೈಬಿಡದೆ ಮನೆ ಮುಟ್ಟಿಸುವುದಷ್ಟೆ ಅದರ ಧರ್ಮ. ಒಂದು ತಿಂಗಳು ಅದನ್ನು ನಂಬಿದ್ದು ನನ್ನ ಅವಿವೇಕ.

ಈಗ ಚಾಚಾ ಹೇಳಿದ ಮಾತಿಗೆ ಬರುತ್ತೇನೆ. ಖಾಲಿ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯಕರ ಹೇಗೆ? ಉರಿಯುವುದು ಪೆಟ್ರೋಲೆಂಬ ದ್ರವವಲ್ಲ, ಅದರ ಆವಿ. ಆ ಆವಿಯೂ ಗಾಳಿಯೊಡನೆ ಒಂದು ಹದದಲ್ಲಿ ಬೆರೆತಾಗ ಮಾತ್ರ ಹೊತ್ತಿಕೊಳ್ಳುತ್ತದೆ. ನೂರು ಪಾಲಿನಲ್ಲಿ ಆವಿ ಸುಮಾರು ಒಂದೂವರೆ ಪಾಲಿಗಿಂತ ಕಡಿಮೆಯಾದರೆ ಉರಿಯದು; ಏಳೂವರೆ ಪಾಲಿಗಿಂತ ಹೆಚ್ಚಾದರೂ ಗಾಳಿ ಸಾಲದೆ ಉರಿಯದು. ಪೆಟ್ರೋಲಿರುವ ಟ್ಯಾಂಕಿನಲ್ಲಿ ನಮ್ಮ ನಾಡಿನ ಹವೆಗೆ ಆವಿ ದಟ್ಟವಾಗಿ ತುಂಬಿ ಈ ಮೇಲಿನ ಮಿತಿಯನ್ನು ಮೀರಿರುತ್ತದೆ. ಹಾಗೆಂದು ಅದು ನಿರಪಾಯವಲ್ಲ. ಬಾಯಿಯ ಬಳಿ ಗಾಳಿ ಬೆರೆಯುವಲ್ಲಿ ಬೆಂಕಿ ಹತ್ತಿಯೇ ಹತ್ತುತ್ತದೆ. ಆದರೆ ಪೆಟ್ರೋಲನ್ನು ಬಸಿದು ಮುಚ್ಚಳ ತೆರೆದಿಟ್ಟಾಗ ಗಾಳಿ ಒಳನುಗ್ಗಿ, ಆವಿ ತೆಳುವಾಗುತ್ತ ಬಂದು, ಸಿಡಿಯುವ ಹದಕ್ಕೆ ಸರಿಯಾಗಿ ಇಳಿದು ನಿಲ್ಲುತ್ತದೆ. ಆಗ ಟ್ಯಾಂಕಿನ ಒಳಗೆಲ್ಲ ಮದ್ದು ತುಂಬಿದಂತೆಯೇ ಸರಿ.

ಎಷ್ಟು ಪೆಟ್ರೋಲು ಉಳಿದರೆ ಹೀಗಾದೀತು? ಒಂದು ಲೀಟರ್ ಪೆಟ್ರೋಲು ಪೂರ್ತಿಯಾಗಿ ಆವಿಯಾದರೆ ಸುಮಾರು 200 ಲೀಟರ್ ಆವಿಯಾಗುತ್ತದೆ. 13 ಲೀಟರ್ ಹಿಡಿಯುವ ಟ್ಯಾಂಕನ್ನು ಸಿಡಿಯುವ ಹದಕ್ಕೆ ತರಲು ಕಾಲು ಲೀಟರಿನಷ್ಟು ಆವಿ ಬೇಕು. ಎಂದರೆ, ಚಹಕ್ಕೆ ಸಕ್ಕರೆ ಹಾಕುವ ಚಿಕ್ಕ ಚಮಚದ ಕಾಲು ಭಾಗದಷ್ಟು ಪೆಟ್ರೋಲು ಸಾಕು. ಬೆಸುಗೆಯ ಮಡಿಕೆಗಳಲ್ಲಿ, ತುಕ್ಕಿನ ಹಕ್ಕಳೆಗಳ ಅಡಿಯಲ್ಲಿ, ಅಷ್ಟು ಪೆಟ್ರೋಲು ತಲೆಕೆಳಗು ಮಾಡಿ ಬಸಿದ ಮೇಲೂ ಉಳಿದಿರುತ್ತದೆ. ಒಮ್ಮೆ ತೊಳೆದರೂ ಉಳಿದಿರುತ್ತದೆ. ಕಾವು ತಾಗಿದೊಡನೆ ಅಲ್ಲಿಂದ ಎದ್ದು ಬರುತ್ತದೆ. ವಾಸನೆ ನಿಂತಿತೆಂಬುದೂ ಪ್ರಮಾಣವಲ್ಲ. ದಿನವಿಡೀ ಪೆಟ್ರೋಲಿನ ನಡುವೆ ಇರುವವನ ಮೂಗಿಗೆ ಆ ವಾಸನೆ ತಿಳಿಯುವುದು ನಿಂತುಹೋಗಿರುತ್ತದೆ.

ಪೆಟ್ರೋಲನ್ನು ಸೀಮೆಎಣ್ಣೆಯ ತಮ್ಮನೆಂದು ಭಾವಿಸುವವರೂ ಇದ್ದಾರೆ. ಸೀಮೆಎಣ್ಣೆಯಿಂದ ಬೆಂಕಿ ಹತ್ತುವಷ್ಟು ಆವಿ ಏಳಬೇಕಾದರೆ ಸುಮಾರು 35 ಡಿಗ್ರಿಯ ಕಾವಾದರೂ ಬೇಕು. ಪೆಟ್ರೋಲಿಗೆ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲಿಯೂ ಅಷ್ಟು ಆವಿ ಏಳುತ್ತದೆ. ಬೇಸಿಗೆಯಲ್ಲಿ 42, 43 ಡಿಗ್ರಿ ಮುಟ್ಟುವ ನಮ್ಮ ಜಿಲ್ಲೆಯಲ್ಲಿ ಅದರ ಪಾಡೇನೆಂದು ಹೇಳಬೇಕಾಗಿಲ್ಲ. ಈ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಹೊಗೆಯಂತೆ ಬೆಳಕಿಂಡಿಯಿಂದ ಮೇಲೆ ಹೋಗುವುದಿಲ್ಲ. ನೀರಿನಂತೆ ನೆಲ ಹಿಡಿದು ಹರಿಯುತ್ತದೆ, ತಗ್ಗಿನಲ್ಲಿ ಮಡುಗಟ್ಟುತ್ತದೆ. ಕ್ಷಣಕ್ಕೊಂದು ತೊಟ್ಟಿನಂತೆ ಸೋರುವ ಟ್ಯಾಂಕಿನಿಂದ ಬೆಳಗಾಗುವಷ್ಟರಲ್ಲಿ ಅರ್ಧ ಲೀಟರಿಗೆ ಕಡಿಮೆಯಿಲ್ಲದಷ್ಟು ಪೆಟ್ರೋಲು ಇಳಿದಿರುತ್ತದೆ. ಬಾಗಿಲು ಹಾಕಿದ ಪಡಸಾಲೆಯ ನೆಲದ ಮೇಲೆ ಅದೆಲ್ಲ ಆವಿಯಾಗಿ ಹರಡಿದ್ದಾಗ, ನಸುಕಿನಲ್ಲಿ ಎದ್ದ ಗೃಹಿಣಿ ಒಲೆಗೆ ಕಡ್ಡಿ ಗೀರುತ್ತಾಳೆ. 'ಸ್ವಲ್ಪ' ಎಂಬ ಮಾತಿನ ಅರ್ಥ ಇಷ್ಟು. ಆದುದರಿಂದ ಮೊದಲನೆಯ ದುರಸ್ತಿ ಇದು: ಸೋರುವ ಗಾಡಿಯನ್ನು, ರಿಪೇರಿ ಯಾವಾಗಲಾದರೂ ಆಗಲಿ, ಅಂದೇ ಮನೆಯಿಂದ ಹೊರಗೆ ಹಾಕಬೇಕು.

ಪೆಟ್ರೋಲನ್ನು ಬಸಿಯುವುದೂ ಬಯಲಿನಲ್ಲಿಯೇ, ಹಗಲಿನಲ್ಲಿಯೇ ಆಗಬೇಕು. ಒಲೆ, ಬೀಡಿ, ವಿದ್ಯುತ್ ಗುಂಡಿ ಯಾವುದೂ ಹತ್ತಿರವಿರಬಾರದು. ಬಸಿದದ್ದನ್ನು ಬಿಗಿ ಮುಚ್ಚಳದ ಲೋಹದ ಡಬ್ಬಿಯಲ್ಲಿ ಹಿಡಿಯಬೇಕು. ಬಕೀಟು, ಕುಡಿಯುವ ನೀರಿನ ಪ್ಲಾಸ್ಟಿಕ್ ಬಾಟಲಿ ಸಲ್ಲದು, ಚರಂಡಿಗೆ ಚೆಲ್ಲುವುದಂತೂ ಕೂಡದು. ಆಮೇಲೆ ಟ್ಯಾಂಕನ್ನು ಬಿಚ್ಚಿ, ಕಾಕನ್ನೂ ಕಳಚಿ, ಬಿಸಿನೀರಿಗೆ ಬಟ್ಟೆ ತೊಳೆಯುವ ಪುಡಿ ಬೆರೆಸಿ, ತುಂಬಿ ಕುಲುಕಿ ಚೆಲ್ಲಬೇಕು. ಇದು ಒಮ್ಮೆ ಮಾಡಿ ಬಿಡುವ ಕೆಲಸವಲ್ಲ, ನಾಲ್ಕಾರು ಸಲದ ಕೆಲಸ.

ಅನಂತರ ತುಕ್ಕು. ಒಂದು ಹಿಡಿ ಸಣ್ಣ ನಟ್ಟುಗಳನ್ನೋ ಜಲ್ಲಿಯನ್ನೋ ಒಳಗೆ ಹಾಕಿ, ಸ್ವಲ್ಪ ನೀರಿನೊಡನೆ ಕುಲುಕಿದರೆ ಸಡಿಲವಾದದ್ದು ಉದುರುತ್ತದೆ. ಹಾಕಿದ್ದನ್ನು ಎಣಿಸಿ ಹಾಕಿ, ಎಣಿಸಿ ತೆಗೆಯಬೇಕೆಂಬುದನ್ನು ಮರೆಯಬಾರದು. ಅಂಟಿಕೊಂಡ ತುಕ್ಕಿಗೆ ಹುಳಿಯೇ ಮದ್ದು. ತಾಮ್ರದ ಹಂಡೆಯನ್ನು ಹುಣಸೆಹಣ್ಣಿನಿಂದ ಬೆಳಗುವ ನಮ್ಮ ಹೆಣ್ಣುಮಕ್ಕಳಿಗೆ ಈ ತತ್ತ್ವ ಹೊಸದಲ್ಲ. ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪೆಂದು ದೊರೆಯುವ ಸಿಟ್ರಿಕ್ ಆಮ್ಲವನ್ನು ಲೀಟರ್ ಬಿಸಿನೀರಿಗೆ 50ರಿಂದ 100 ಗ್ರಾಮಿನಂತೆ ಕರಗಿಸಿ, ಟ್ಯಾಂಕಿನ ತುಂಬ ತುಂಬಿ, ಬಾಯಿ ತೆರೆದು ಒಂದು ರಾತ್ರಿ ಹೊರಗೆ ಇಟ್ಟರೆ ತುಕ್ಕು ಬಿಡುತ್ತದೆ. ಬಚ್ಚಲು ತೊಳೆಯುವ ಉಗ್ರ ಆಮ್ಲವನ್ನು ಸುರಿಯುವವರುಂಟು. ಅದು ತುಕ್ಕಿನೊಡನೆ ಒಳ್ಳೆಯ ಕಬ್ಬಿಣವನ್ನೂ ತಿನ್ನುತ್ತದೆ. ತಿನ್ನುವಾಗ ಬೆಂಕಿ ಹತ್ತುವ ಜಲಜನಕವನ್ನು ಹೊರಡಿಸುತ್ತದೆ. ಹುಳಿಯ ತರುವಾಯ ಅಡುಗೆ ಸೋಡಾ ಕರಗಿಸಿದ ನೀರಿನಿಂದ ಅದರ ಶೇಷವನ್ನು ಶಮನಗೊಳಿಸಿ, ಶುದ್ಧ ನೀರಿನಿಂದ ತೊಳೆಯಬೇಕು.

ಇಲ್ಲಿ ಒಂದು ವಿಚಿತ್ರವನ್ನು ಹೇಳಬೇಕು. ಒಂದೇ ತೂತಿದ್ದ ಟ್ಯಾಂಕು ತೊಳೆದ ಮೇಲೆ ಐದಾರು ಕಡೆ ಸೋರಲು ತೊಡಗುವುದುಂಟು. ಯಜಮಾನ ಮಿಸ್ತ್ರಿಯ ಮೇಲೆ ಸಿಟ್ಟಾಗುತ್ತಾನೆ. ಮಿಸ್ತ್ರಿಯ ತಪ್ಪಿಲ್ಲ. ಕಬ್ಬಿಣ ತುಕ್ಕಾದಾಗ ಹಲವು ಪಟ್ಟು ಹಿಗ್ಗುತ್ತದೆ. ತಾನು ಕೊರೆದ ತೂತನ್ನು ತಾನೇ ಬೂಚಿನಂತೆ ಮುಚ್ಚಿಕೊಂಡಿರುತ್ತದೆ. ಬೂಚು ತೆಗೆದಾಗ ಇದ್ದ ತೂತು ಕಾಣುತ್ತದೆ, ಅಷ್ಟೆ. ಕಂಡದ್ದು ಒಳ್ಳೆಯದೇ ಆಯಿತು. ಆಗ ತೂತಿನ ಸುತ್ತ ದಬ್ಬಳದ ಮೊನೆಯಿಂದ ಹಗುರವಾಗಿ ಒತ್ತಿ ನೋಡಬೇಕು. ತಗಡು ಗಟ್ಟಿಯಾಗಿದ್ದರೆ ತೂತನ್ನಷ್ಟೇ ಮುಚ್ಚಬಹುದು. ಮೊನೆ ಇಳಿದುಹೋದರೆ ಆ ಭಾಗವೆಲ್ಲ ಜರಡಿಯಾಗಿದೆ ಎಂದು ತಿಳಿಯಬೇಕು.

ಸಣ್ಣ ತೂತಿಗೆ ತವರ ಮತ್ತು ಸೀಸದ ಮೆತ್ತನೆಯ ಬೆಸುಗೆ ಸಾಕು. ಇದು 190 ಡಿಗ್ರಿಯ ಸುಮಾರಿಗೆ ಕರಗುತ್ತದೆ. ಹಾಗಾದರೆ ಭಯವಿಲ್ಲವೆಂದು ತಿಳಿಯುವಂತಿಲ್ಲ. ಅದನ್ನು ಕರಗಿಸುವ ತಾಮ್ರದ ಮೊನೆ 300 ಡಿಗ್ರಿ ದಾಟಿ ಕಾದಿರುತ್ತದೆ. ಪೆಟ್ರೋಲಿನ ಆವಿ ಕಿಡಿಯೇ ಇಲ್ಲದೆ ತಾನಾಗಿ ಹೊತ್ತಿಕೊಳ್ಳಲು 250 ಡಿಗ್ರಿಗಿಂತ ತುಸು ಮೇಲಿನ ಕಾವು ಸಾಕೆಂಬುದು ಪ್ರಯೋಗಶಾಲೆಯ ಲೆಕ್ಕ. ಚಾಚಾ ಮಾಡಿದ್ದು ಹೀಗೆ. ಟ್ಯಾಂಕನ್ನು ಮಗುಚಿ, ತೂತು ಎಲ್ಲಕ್ಕಿಂತ ಮೇಲೆ ಬರುವಂತೆ ಮರಳಿನ ಮೇಲೆ ಒರಗಿಸಿದರು. ಕೆಳಗಾದ ಬಾಯಿಯನ್ನು ಬಿಗಿದು, ಕಾಕಿನ ರಂಧ್ರದಿಂದ ನೀರು ತುಂಬಿದರು. ನೀರು ತೂತಿನ ಕೆಳಗೆ ಒಂದು ಬೆರಳು ಅಂತರದವರೆಗೆ ಬಂದಾಗ ನಿಲ್ಲಿಸಿದರು. ಒಳಗೆ ಆವಿ ನಿಲ್ಲಲು ಜಾಗವೇ ಇರದಂತೆ ಮಾಡುವುದು ಇದರ ಉದ್ದೇಶ. ನೀರು ತಗಡಿಗೆ ತಾಗಿದರೆ ಕಾವನ್ನೆಲ್ಲ ಹೀರಿ ಬೆಸುಗೆ ಹಿಡಿಯಗೊಡುವುದಿಲ್ಲ, ಅದಕ್ಕಾಗಿ ಆ ಬೆರಳಿನ ಅಂತರ. ಹಬೆ ಎದ್ದರೆ ಹೋಗಲೆಂದು ಕಾಕಿನ ರಂಧ್ರವನ್ನು ತೆರೆದೇ ಇಟ್ಟರು. ತಗಡನ್ನು ಬೆಳ್ಳಗಾಗುವಂತೆ ಕೆರೆದು, ಕಲಾಯಿಯವರು ಬಳಸುವ ನವಸಾಗರವನ್ನು ಸವರಿ, ದೂರದ ಇದ್ದಲಿನ ಕುಂಡದಲ್ಲಿ ಕಾಯಿಸಿದ ಮೊನೆಯನ್ನು ತಂದು ತಾಗಿಸಿದರು. ಮೊದಲು ತಗಡಿಗೆ ತೆಳ್ಳನೆಯ ತವರದ ಲೇಪ. ಅದರ ಮೇಲೆ ಕಲಾಯಿ ಮಾಡಿದ ಹಿತ್ತಾಳೆಯ ತುಣುಕು. ಎರಡೂ ಕರಗಿ ಒಂದಾದವು. ಜ್ವಾಲೆ ಟ್ಯಾಂಕಿನ ಹತ್ತಿರ ಬರಲೇ ಇಲ್ಲ. ನವಸಾಗರ ಉಳಿದರೆ ಅದೇ ಹೊಸ ತುಕ್ಕಿಗೆ ಬೀಜವಾಗುವುದರಿಂದ ಕೊನೆಗೆ ಬಿಸಿನೀರಿನಿಂದ ತಿಕ್ಕಿ ತೊಳೆದರು.

ಅಂಚಿನ ಕೂಡುಗೆಯೇ ಬಿರಿದಿದ್ದರೆ ಮೆತ್ತನೆಯ ಬೆಸುಗೆ ಗಾಡಿಯ ಅದುರಿಗೆ ಬಹುಕಾಲ ತಡೆಯದು. ಹಿತ್ತಾಳೆಯ ಬೆಸುಗೆ ಬೇಕು. ತಳ ಜರಡಿಯಾಗಿದ್ದರೆ ಆ ಭಾಗವನ್ನು ಕತ್ತರಿಸಿ ಹೊಸ ತಗಡನ್ನು ವೆಲ್ಡಿಂಗ್ ಮಾಡಿಸಬೇಕು. ಇವೆರಡಕ್ಕೂ ಉರಿಯುವ ಜ್ವಾಲೆ ಬೇಕಾದುದರಿಂದ, ಇವು ಟ್ಯಾಂಕಿನ ಕೆಲಸವನ್ನೇ ಮಾಡಿ ಬಲ್ಲವರಿಗೆ ಮಾತ್ರ ಸೇರಿದ್ದು. ನಿಮ್ಮ ಪಾಲಿನದು ಒಂದೇ ಪ್ರಶ್ನೆ: 'ಒಳಗೆ ಏನು ತುಂಬಿ ಮಾಡುತ್ತೀರಿ?' ಏನೂ ಇಲ್ಲ, ಖಾಲಿಯೇ ಇದೆಯಲ್ಲ ಎಂಬ ಉತ್ತರ ಬಂದರೆ ಟ್ಯಾಂಕನ್ನು ಎತ್ತಿಕೊಂಡು ಬನ್ನಿ. ಆ ಮಿಸ್ತ್ರಿಗೂ ಕಾರಣವನ್ನು ತಿಳಿಸಿ ಬನ್ನಿ. ಅವನ ಅಂಗಡಿಯಲ್ಲಿಯೂ ಕೆಲಸ ಕಲಿಯುವ ಹುಡುಗರಿರುತ್ತಾರೆ.

ಬೆಂಕಿಯ ಗೊಡವೆಯೇ ಬೇಡವೆನ್ನುವವರಿಗೆ ಎರಡು ಪಾಲನ್ನು ಕಲಸಿ ಹಚ್ಚುವ ಎಪಾಕ್ಸಿ ಅಂಟುಗಳಿವೆ. ಸೂಜಿಮೊನೆಯ ತೂತಿಗೆ ಅವು ಸಲ್ಲುತ್ತವೆ. ಆದರೆ ಬಣ್ಣದ ಮೇಲಾಗಲಿ ಪೆಟ್ರೋಲಿನ ಪಸೆಯ ಮೇಲಾಗಲಿ ಹಿಡಿಯುವುದಿಲ್ಲ. ತಗಡನ್ನು ಬೆಳ್ಳಗೆ ಕೆರೆದು, ಒಣಗಿಸಿ, ಹಚ್ಚಿ, ಒಂದು ದಿನವಾದರೂ ಬಿಡಬೇಕು. ಪೆಟ್ರೋಲಿಗೂ ಮದ್ಯಸಾರಕ್ಕೂ ತಡೆಯುವುದೆಂದು ಪೊಟ್ಟಣದ ಮೇಲೆ ಬರೆದಿದ್ದರೆ ಮಾತ್ರ ಕೊಳ್ಳಬೇಕು. ಒಳಮೈಗೆ ಸುತ್ತಿ ಬಳಿಯುವ ಲೇಪಗಳಿಗೂ ಇದೇ ಮಾತು. ತುಕ್ಕಿನ ಮೇಲೆ ಬಳಿದ ಲೇಪ ಹಪ್ಪಳದಂತೆ ಎದ್ದು, ಕಾಕನ್ನೂ ಕಾರ್ಬುರೇಟರನ್ನೂ ಕಟ್ಟಿಬಿಡುತ್ತದೆ.

ದುರಸ್ತಿಯಾದ ಟ್ಯಾಂಕಿನ ಬಾಯಿಗಳನ್ನು ಬಿಗಿದು, ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಒಂದು ನಳಿಗೆಯಿಂದ ಬಾಯಲ್ಲಿ ಊದಿ ನೋಡಬೇಕು. ಪೆಟ್ರೋಲಿನ ವಾಸನೆ ಲೇಶವೂ ಇಲ್ಲದ, ಪೂರ್ತಿ ತೊಳೆದ ಟ್ಯಾಂಕಿಗೆ ಮಾತ್ರ ಈ ವಿಧಾನ. ಗುಳ್ಳೆ ಏಳದಿದ್ದರೆ ಗೆದ್ದಂತೆ. ಪಂಕ್ಚರ್ ಅಂಗಡಿಯ ಗಾಳಿಯಂತ್ರವನ್ನು ಹಚ್ಚಿದರೆ ತೆಳು ತಗಡು ಉಬ್ಬಿ ಆಕಾರಗೆಡುತ್ತದೆ. ಆಮೇಲೆ ನಮ್ಮ ಸೀಮೆಯ ಬಿಸಿಲಿಗೆ ಒಂದೆರಡು ದಿನ ಬಾಯಿ ತೆರೆದಿಟ್ಟರೆ ತೇವ ಆರುತ್ತದೆ. ತೊಳೆದ ಕಬ್ಬಿಣ ಗಂಟೆಗಳಲ್ಲಿಯೇ ಮತ್ತೆ ಕೆಂಪಾಗತೊಡಗುವುದರಿಂದ, ಆರಿದೊಡನೆ ಸ್ವಲ್ಪ ಎಂಜಿನ್ ಎಣ್ಣೆಯನ್ನು ಹಾಕಿ ಒಳಮೈಗೆಲ್ಲ ಹರಿಯುವಂತೆ ಸುತ್ತಿಸಬೇಕು. ಪೆಟ್ರೋಲಿಗೇ ಎಣ್ಣೆ ಬೆರೆಸಿ ಓಡಿಸುವ ಜಾವಾ, ಯೆಜ್ಡಿಗಳಿಗೆ ಅದರಿಂದ ತೊಂದರೆಯೇನಿಲ್ಲ. ಕಾಕಿನ ವಾಷರು, ಮುಚ್ಚಳದ ರಬ್ಬರು, ನಳಿಗೆ ಮೂರನ್ನೂ ಹೊಸದಾಗಿಯೇ ಹಾಕಬೇಕು.

ಮುಂದೆ ಸೋರದಂತೆ ಕಾಯುವ ಬಗೆ ಸರಳ. ನೀರಿಗೆ ಒಳಗೆ ಜಾಗ ಕೊಡಬಾರದು. ಗಾಡಿಯನ್ನು ಕೆಲವು ವಾರ ನಿಲ್ಲಿಸುವುದಾದರೆ ಟ್ಯಾಂಕನ್ನು ಅರ್ಧ ತುಂಬಿ ನಿಲ್ಲಿಸುವುದಕ್ಕಿಂತ ಪೂರ್ತಿ ತುಂಬಿ ನಿಲ್ಲಿಸುವುದು ಮೇಲು. ತಿಂಗಳುಗಟ್ಟಲೆ ನಿಲ್ಲುವುದಾದರೆ ಪೂರ್ತಿ ಬಸಿದು, ಆರಿಸಿ, ಎಣ್ಣೆ ಸವರಿಡುವುದು ಇನ್ನೂ ಮೇಲು. ಪೂರ್ತಿ ಎಂದರೆ ಕಂಠಮಟ್ಟವಲ್ಲ. ಮುಂಜಾನೆಯ ತಂಪಿನಲ್ಲಿ ತುಂಬಿದ 13 ಲೀಟರ್ ಪೆಟ್ರೋಲು 20 ಡಿಗ್ರಿ ಹೆಚ್ಚು ಕಾದರೆ ಕಾಲು ಲೀಟರಿನಷ್ಟು ಹಿಗ್ಗುತ್ತದೆ. ಅದಕ್ಕೆ ಎರಡು ಬೆರಳು ಜಾಗ ಬಿಡಬೇಕು. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ತಳದ ಒಂದು ಲೋಟ ಪೆಟ್ರೋಲನ್ನು ಬಿಳಿಯ ಗಾಜಿನ ಶೀಸೆಯಲ್ಲಿ ಹಿಡಿದು ನೋಡಿದರೆ, ಒಳಗೆ ನೀರಿದೆಯೇ, ತುಕ್ಕಿದೆಯೇ ಎಂಬುದು ಕಣ್ಣಿಗೇ ಕಾಣುತ್ತದೆ.

ನನ್ನ ಟ್ಯಾಂಕು ಮೂರು ದಿನ ಚಾಚಾ ಅವರ ಅಂಗಡಿಯಲ್ಲಿತ್ತು. ಅವರು ಬೆಸುಗೆ ಹಾಕಿದ್ದು ಅರ್ಧ ಗಂಟೆ. ಉಳಿದ ಹೊತ್ತೆಲ್ಲ ತೊಳೆದದ್ದು, ಆರಿಸಿದ್ದು, ಕಾದದ್ದು. ಹಣ ಕೊಡುವಾಗ ನಾನು, ಇಷ್ಟು ಸಣ್ಣ ತೂತಿಗೆ ಇಷ್ಟು ದಿನವೇ ಎಂದು ನಕ್ಕೆ. "ತೂತಿಗೆ ಅಲ್ಲರಿ ಸರ, ಖಾಲಿ ಜಾಗಕ್ಕ," ಎಂದರು. ಬಯಲು, ಶೂನ್ಯ ಎಂಬ ಮಾತುಗಳು ಬರಿದೆಂಬ ಅರ್ಥಕ್ಕಿಂತ ಹಿರಿದಾದವೆಂದು ಶರಣರ ನಾಡಿನಲ್ಲಿ ಹುಟ್ಟಿದ ನಮಗೆ ಬಾಲ್ಯದಿಂದ ಹೇಳಿಕೊಟ್ಟಿದ್ದಾರೆ. ಕಬ್ಬಿಣದ ಒಂದು ಪಾತ್ರೆಯ ವಿಷಯದಲ್ಲಿಯೂ ಅದು ಅಕ್ಷರಶಃ ನಿಜವೆಂದು ತಿಳಿಸಿಕೊಟ್ಟವರು ಆ ವೃದ್ಧ ಮಿಸ್ತ್ರಿ. ಈಗಲೂ ನನ್ನ ಗಾಡಿ ಓಡುತ್ತಿದೆ. ರಾತ್ರಿ ಅದು ನಿಲ್ಲುವುದು ಪಡಸಾಲೆಯಲ್ಲಲ್ಲ. ಅಂಗಳದ ತಗಡಿನ ಚಪ್ಪರದಡಿಯಲ್ಲಿ.